ಬಾಯಿ ಬಿಡಬಾರದ ಬೆಟ್ಟ

ಇಡೀ ರಾದ್ಧಾಂತಕ್ಕೆ ಮೂಲ ಒಂದು ಗುಂಡಿ. ಹೆಬ್ಬೆರಳ ಉಗುರಿನಷ್ಟಿತ್ತು, ಹಸಿರು ಬಣ್ಣದ್ದು, ವಿಡಿಯೋ ಗೇಮಿನ ಕಂಟ್ರೋಲರಿನ ಬಲಬದಿಯಲ್ಲಿತ್ತು. ಅದನ್ನು ಒತ್ತಿದರೆ ಟಿವಿಯೊಳಗಿನ ಕೆಂಪು ಅಂಗಿಯ ಮನುಷ್ಯ ಬಂಡೆಯನ್ನು ಹಿಡಿಯುತ್ತಿದ್ದ. ಶನಿವಾರ ಮಧ್ಯಾಹ್ನ ಒಂದೂಕಾಲಿಗೆ ಆ ಗುಂಡಿ ಒಳಗೆ ಹೋದದ್ದು ಮತ್ತೆ ಹೊರಗೆ ಬರಲೇ ಇಲ್ಲ.

ಆಡುತ್ತ ಕೂತಿದ್ದ ಲಿಫ್ಟ್ ಮೆಕ್ಯಾನಿಕ್ ಊದಿದ, ಕುಟ್ಟಿದ, ಹೆಂಡತಿಯ ಹೊಲಿಗೆ ಸೂಜಿ ತಂದು ಮೀಟಿದ. ಇಪ್ಪತ್ತೆರಡು ವರ್ಷ ಲಿಫ್ಟುಗಳ ಗುಂಡಿ ರಿಪೇರಿ ಮಾಡಿದ ಕೈ ಅದು. ಈ ಹಸಿರು ಗುಂಡಿಯ ಮುಂದೆ ಅದರ ಜಂಬವೆಲ್ಲ ಇಳಿದುಹೋಯಿತು.

ಒಂದು ಆಟದ ಗುಂಡಿಗೆ ಇಷ್ಟು ಪರದಾಟವೇ ಎನ್ನಬೇಡಿ. ಆ ಆಟದಲ್ಲಿ ಇದ್ದದ್ದು ಒಂದೇ ಒಂದು ಬೆಟ್ಟ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ, ಸುಮ್ಮನೆ ಹತ್ತಬೇಕು. ತುದಿ ಸದಾ ಮೋಡದೊಳಗೆ. ಅಲ್ಲಿ ಏನಿದೆ ಎಂದು ನೋಡಿದವರು ಯಾರೂ ಹೇಳುವುದಿಲ್ಲ. ಅಲ್ಲಿ ಫೋಟೋ ತೆಗೆಯಲಿಕ್ಕೆ ಆಟ ಒಪ್ಪುವುದಿಲ್ಲ. ‘ಹೋಗಿ ನೋಡು’ ಎನ್ನುವುದಷ್ಟೇ ಆಟಗಾರರ ನಡುವಿನ ಮರ್ಯಾದೆ. ನಮ್ಮ ಮೆಕ್ಯಾನಿಕ್ ಹನ್ನೊಂದು ತಿಂಗಳಲ್ಲಿ ಇನ್ನೂರ ಹನ್ನೊಂದು ಸಲ ಬಿದ್ದಿದ್ದ. ಅದರಲ್ಲಿ ಮೂರು ಸಲ ತುದಿಗೆ ಒಂದೇ ಒಂದು ಗೇಣು ಬಾಕಿ ಇದ್ದಾಗ. ಈಗ ಆಟ ಮಾಡಿದ ಕಂಪನಿಯವರು ಆಟವನ್ನೇ ಮುಚ್ಚುತ್ತೇವೆ ಎಂದಿದ್ದರು. ಈ ಶನಿವಾರ, ಸಂಜೆ ಆರಕ್ಕೆ ಸರಿಯಾಗಿ.

ಜೀವಮಾನವೆಲ್ಲ ಬೇರೆಯವರನ್ನು ಮೇಲಕ್ಕೆ ಕಳಿಸಿದ ಆಸಾಮಿ ಅವನು. ತಾನು ಮಾತ್ರ ಕತ್ತಲ ಬಾವಿಯಂಥ ಲಿಫ್ಟಿನ ಜಾಗದಲ್ಲಿ ಗ್ರೀಸು ಮೆತ್ತಿಕೊಂಡು ಕೂತಿರುತ್ತಿದ್ದ. ಮನೆಯೂ ನೆಲಮಹಡಿಯಲ್ಲೇ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ಸಲವಾದರೂ ಎಲ್ಲಕ್ಕಿಂತ ಮೇಲೆ ನಿಂತು ನೋಡಬೇಕು ಎಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ರಜೆ ಹಾಕಿ ಬೆಳಿಗ್ಗೆ ಎಂಟೂವರೆಗೇ ಕೂತಿದ್ದ. ಟಿವಿ ಹಚ್ಚಿದರೆ ‘ಹೊಸ ಅಪ್‌ಡೇಟ್ ಇದೆ, ದಯವಿಟ್ಟು ಕಾಯಿರಿ’ ಎಂದು ಬಂತು. ಮೂರು ಗಂಟೆ ಎಂದದ್ದು ನಾಲ್ಕಾಯಿತು, ನಾಲ್ಕಾದದ್ದು ಮತ್ತೆ ಎರಡಾಗಿ ಐದಕ್ಕೆ ಹಾರಿತು.

ಕಿಟಕಿ ಪಕ್ಕ ಕೂತು ಯಾರದೋ ಪರದೆ ಹೊಲಿಯುತ್ತಿದ್ದ ಹೆಂಡತಿ ಮಿಷನ್ನು ನಿಲ್ಲಿಸಿ ಕೇಳಿದಳು. “ಅಲ್ಲಾ ರೀ, ಸಾಯಂಕಾಲ ಸಾಯೋ ಆಟಕ್ಕೆ ಬೆಳಿಗ್ಗೆ ಹೊಸ ಬಟ್ಟೆ ಹೊಲಿಸ್ತಾರಾ?”

“ನೀನು ಸುಮ್ನಿರೇ.”

ಅಪ್‌ಡೇಟ್ ಮುಗಿಯಿತು. ಆಮೇಲೆ ದಾಟಿಸಲಿಕ್ಕೆ ಬಾರದ ಹತ್ತು ನಿಮಿಷದ ಪೀಠಿಕೆ. ಅದೂ ಮುಗಿಯಿತು. ಆಗ ಗುಂಡಿ ಕೈಕೊಟ್ಟಿತು.

ಇನ್ನು ಅಳುವುದೊಂದು ಬಾಕಿ ಎನ್ನುವಾಗ ಅವನ ಕಣ್ಣಿಗೆ ಬಿದ್ದದ್ದು ಅಪ್‌ಡೇಟ್ ತಂದ ಹೊಸ ಸೌಲಭ್ಯ: ಧ್ವನಿ ಆಜ್ಞೆ, ಕನ್ನಡ. ‘ಹಿಡಿ’ ಎಂದರೆ ಹಿಡಿಯುತ್ತಾನೆ, ‘ಬಿಡು’ ಎಂದರೆ ಬಿಡುತ್ತಾನೆ. ಒಮ್ಮೆ ಹತ್ತಲು ಶುರು ಮಾಡಿದರೆ ಇದನ್ನು ಬದಲಿಸಲಿಕ್ಕಾಗಲಿ, ಆಟವನ್ನು ನಡುವೆ ನಿಲ್ಲಿಸಲಿಕ್ಕಾಗಲಿ ಆಗದು. ಬಿದ್ದರೆ ಕೊನೆಯ ಡೇರೆಗೆ ವಾಪಸ್. ಅಲ್ಲಿಂದ ತುದಿಗೆ ಒಂದೂವರೆ ಗಂಟೆ ದಾರಿ.

“ಹಿಡಿ,” ಎಂದ ಮೆಕ್ಯಾನಿಕ್, ಮೆಲ್ಲಗೆ.

ಕೆಂಪಂಗಿ ಹಿಡಿದ!

“ನೋಡೇ ಇಲ್ಲಿ! ನನ್ನ ಮಾತು ಕೇಳ್ತಾನೆ ಕಣೇ!”

“ಕೇಳ್ಲಿ ಪಾಪ. ಈ ಮನೇಲಿ ಒಬ್ಬರಾದ್ರೂ ಇನ್ನೊಬ್ಬರ ಮಾತು ಕೇಳ್ತಾರಲ್ಲ. ಊಟ ತಣ್ಣಗಾಗ್ತಿದೆ, ಅದನ್ನ ಬಿಡಿ, ಬನ್ನಿ.”

ಕೆಂಪಂಗಿ ಎರಡೂ ಕೈ ಬಿಟ್ಟ. ನೂರಾರು ಅಡಿ ಕೆಳಗೆ ಡೇರೆಯ ಪಕ್ಕ ದಬಕ್ಕನೆ ಬಿದ್ದ.

ಮೆಕ್ಯಾನಿಕ್ಕಿಗೆ ಅಪಾಯ ಅರ್ಥವಾಯಿತು. ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಆಟ ಕಟ್ಟಿದ ಪುಣ್ಯಾತ್ಮರು ನಿಘಂಟಿನಲ್ಲಿ ಪದ ಹುಡುಕಿ ಹಾಕಿದ್ದರು. ಕನ್ನಡದವರು ‘ಬಿಡು’ ಎಂಬ ಪದವಿಲ್ಲದೆ ಒಂದು ಲೋಟ ಚಹಾನೂ ಕುಡಿಯುವುದಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಹೆಂಡತಿಗೆ ಕೈ ಮುಗಿದು ವಿಷಯ ಹೇಳಿದ. ಅವಳು ಹೊಲಿಯುವ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ತಲೆಯಾಡಿಸಿದಳು. ಅವಳೇನೋ ಒಪ್ಪಿದಳು. ಉಳಿದ ಕಟ್ಟಡ ಒಪ್ಪಬೇಕಲ್ಲ.

ಎರಡೂ ಮುಕ್ಕಾಲಿಗೆ ಕೆಂಪಂಗಿ ಅರ್ಧ ದಾರಿ ಹತ್ತಿದ್ದಾಗ ಬಾಗಿಲಲ್ಲಿ ಕಟ್ಟಡದ ಸೆಕ್ರೆಟರಿಯ ತಲೆ ಕಾಣಿಸಿತು.

“ಸಾರ್, ಬಿಡುವಾಗಿದ್ದೀರಾ?”

ದಬಕ್.

ಮೆಕ್ಯಾನಿಕ್ ಸೆಕ್ರೆಟರಿಯನ್ನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಓಡಿಹೋಗುತ್ತಿದ್ದರು. ಸೆಕ್ರೆಟರಿಗಳ ಜಾತಿಯೇ ಬೇರೆ. ಒಳಗೇ ಬಂದ. ಹಿಂದೆ ಮೂರನೇ ಮಹಡಿಯ ಅಜ್ಜಿ, ಕೈಯಲ್ಲಿ ತರಕಾರಿ ಚೀಲ. ಲಿಫ್ಟ್ ಎರಡನೇ ಮಹಡಿಯಲ್ಲಿ ಖಾಲಿ ನಿಂತುಬಿಟ್ಟಿತ್ತು. ಅಜ್ಜಿಯ ಮಂಡಿಗೆ ಮೆಟ್ಟಿಲು ಆಗದು.

“ಇವತ್ತು ರಜೆ ಸಾರ್. ಆರು ಗಂಟೆ ಒಂದು ನಿಮಿಷಕ್ಕೆ ಬಂದು ಸರಿ ಮಾಡ್ತೀನಿ, ದೇವರಾಣೆ,” ಎಂದ ಮೆಕ್ಯಾನಿಕ್, ಮತ್ತೆ ಹತ್ತಿಸುತ್ತ. “ಅಲ್ಲೀವರೆಗೆ ಬಾಗಿಲ ಸಂದಿಲಿ ಕಸ ಏನಾದ್ರೂ ಸಿಕ್ಕಿದೆಯಾ ನೋಡಿ, ಗುಂಡಿ ಒತ್ತಿ.”

“ಒತ್ತಿ ಹಿಡಿದು ಬಿಡ್ಲಾ, ಇಲ್ಲಾ ಒಂದೇ ಸಲ ಒತ್ತಿ ಬಿಡ್ಲಾ?”

ಕೆಂಪಂಗಿ ಭದ್ರವಾಗಿ ಹಿಡಿದ. ಆಮೇಲೆ ಬಿಟ್ಟ.

“ಅಯ್ಯೋ ಶಿವನೇ!” ಎಂದು ಕೂಗಿದ್ದು ಮೆಕ್ಯಾನಿಕ್ ಅಲ್ಲ, ಅಜ್ಜಿ. ಅವಳು ಚೀಲ ಕೆಳಗಿಟ್ಟು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡಿದ್ದಳು. “ಯಾರಪ್ಪಾ ಅದು? ಬದುಕಿದಾನಾ? ಇಷ್ಟು ದೊಡ್ಡ ಬೆಟ್ಟನಾ!”

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಗದ್ದಲ ಕೇಳಿ ಬಂದರು. ಪುಣ್ಯಕ್ಕೆ ಕೆಂಪಂಗಿ ಡೇರೆಯಲ್ಲೇ ಇದ್ದ. ಮೆಕ್ಯಾನಿಕ್ ಸಂಗತಿ ಹೇಳಿದ. ಆರಕ್ಕೆ ಆಟ ಮುಚ್ಚುತ್ತದೆ, ಇದೇ ಕೊನೆ, ದಯವಿಟ್ಟು ಎಲ್ಲರೂ ಹೊರಗೆ ಹೋಗಿ ಎಂದ. ಯಾರೂ ಅಲುಗಾಡಲಿಲ್ಲ. ಟಿವಿಯಲ್ಲಿ ಮೋಡ ಒಂದು ಕ್ಷಣ ಸರಿದು, ಬೆಟ್ಟದ ಭುಜ ಬಿಸಿಲಿಗೆ ಹೊಳೆದಿತ್ತು. ಸೆಕ್ರೆಟರಿ ಚಪ್ಪಲಿ ಕಳಚಿ ಬಾಗಿಲ ಹೊರಗಿಟ್ಟು ಬಂದ.

“ಅಂದರೆ,” ಎಂದರು ಮೇಷ್ಟ್ರು, ಕನ್ನಡಕ ಒರೆಸಿಕೊಂಡು, “ಬ ಗುಡಿಸು ಬಿ, ಆಮೇಲೆ ಡಕಾರ. ಇವೆರಡು ಒಟ್ಟಿಗೆ ಬಂದರೆ ಬೀಳ್ತಾನೆ. ಹೌದಾ? ಬಹಳ ಸುಲಭ. ಭೂತಕಾಲ ಉಪಯೋಗಿಸಿ. ಬಿಟ್ಟೆ, ಬಿಟ್ಟ, ಬಿಟ್ಟಿತು. ಅಲ್ಲಿ ಡಕಾರವೇ ಇಲ್ಲ. ಭೂತಕಾಲದಲ್ಲಿ ಮಾತಾಡಿದರೆ ಹುಡುಗ ಕ್ಷೇಮ.”

ಎಲ್ಲರೂ ಮೇಷ್ಟ್ರನ್ನು ಮೆಚ್ಚುಗೆಯಿಂದ ನೋಡಿದರು. ಮೆಕ್ಯಾನಿಕ್ ಹತ್ತಲು ಶುರು ಮಾಡಿದ. ಒಂದು ಗಂಟೆ ಸಾಂಗವಾಗಿ ನಡೆಯಿತು.

“ಇನ್ನೊಂದು ಮಾತು ಕಣಯ್ಯಾ,” ಎಂದರು ಮೇಷ್ಟ್ರು. “ಡೇರೆ ಡೇರೆ ಅಂತೀಯಲ್ಲ, ಒಳ್ಳೇ ಕನ್ನಡದಲ್ಲಿ ಅದನ್ನ ಬಿಡಾರ ಅನ್ನಬೇಕು.”

ದಬಕ್.

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಒಂದೂವರೆ ಗಂಟೆಯ ದಾರಿ. ಇದೊಂದೇ ಸಲ. ಮೇಷ್ಟ್ರು ತಮ್ಮ ಬಾಯಿಗೆ ತಾವೇ ಕರ್ಚೀಫು ಒತ್ತಿಕೊಂಡು ಮೂಲೆಗೆ ಹೋಗಿ ಕೂತರು. ಹೆಂಡತಿ ಮಿಷನ್ನು ಮುಚ್ಚಿ ಗಂಡನ ಬೆನ್ನ ಹಿಂದೆ ಬಂದು ನಿಂತಳು. ತನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ, ಹಾಗಾಗಿ ಒಂದಕ್ಷರವನ್ನೂ ಆಡುವುದಿಲ್ಲ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

“ಹಿಡಿ,” ಎಂದ ಮೆಕ್ಯಾನಿಕ್.

ಹೇಳಿದರೆ ನಂಬುವುದು ಕಷ್ಟ, ಆ ಬೆಟ್ಟ ಅಷ್ಟು ಚಂದವಿತ್ತು. ಮೊದಲು ಕಪ್ಪು ಬಂಡೆ, ಅದರ ಸಂದಿಯಲ್ಲಿ ಬೆರಳಷ್ಟು ಹುಲ್ಲು ಗಾಳಿಗೆ ನಡುಗುತ್ತಿತ್ತು. ಆಮೇಲೆ ಹುಲ್ಲೂ ಇಲ್ಲ, ಬರೀ ಕಲ್ಲು, ಹಿಮ. ಕೆಂಪಂಗಿಯ ಉಸಿರು ಹೊಗೆಯಾಗಿ ಹೋಗುವುದು ಕಾಣುತ್ತಿತ್ತು. ಒಂದು ಕಡೆ ಅವನು ತಿರುಗಿದಾಗ ಕೆಳಗೆ, ಬಹಳ ಕೆಳಗೆ, ಬಿಳಿ ಹಕ್ಕಿಗಳ ಹಿಂಡು ತೇಲುತ್ತ ಹೋಯಿತು.

“ಅಬ್ಬಬ್ಬಾ!” ಎಂದಳು ಅಜ್ಜಿ. “ಹಕ್ಕಿ ಹೊಟ್ಟೆ ನೋಡಿದ್ದೆ ಕಣಪ್ಪಾ. ಎಪ್ಪತ್ತೆಂಟು ವರ್ಷದಲ್ಲಿ ಬೆನ್ನು ನೋಡಿದ್ದು ಇವತ್ತೇ.”

ಯಾರೂ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಬಾಯಾರಿತು. ಯೋಚಿಸಿ, ಮೇಷ್ಟ್ರ ಭೂತಕಾಲ ನೆನೆಸಿಕೊಂಡು, ಮನೆಯಾಕೆಯ ಕಡೆ ತಿರುಗಿ ಪಿಸುಗುಟ್ಟಿದಳು. “ನೀನು ನನಗೆ ಒಂದು ಲೋಟ ನೀರು ಕೊಟ್ಟುಬಿಟ್ಟೆ, ಮಗಳೇ.”

ಹೆಂಡತಿ ತುದಿಗಾಲಲ್ಲಿ ಹೋಗಿ ನೀರು ತಂದಳು.

ಸೆಕ್ರೆಟರಿಯ ಫೋನು ಗುಂಯ್ ಎಂದಿತು. ನಾಲ್ಕನೇ ಮಹಡಿಯವರು, ಲಿಫ್ಟ್ ಏನಾಯಿತು ಎಂದು. ‘ಇನ್ನೊಂದು ಗಂಟೇಲಿ ಮಾಡಿಬಿಡ್ತಾರೆ’ ಎನ್ನಲು ಬಾಯಿ ತೆರೆದವನು ಗಕ್ಕನೆ ನುಂಗಿಕೊಂಡ. ಹಣೆಯಲ್ಲಿ ಬೆವರೊಡೆಯಿತು.

“ಮಾಡಿಬಿಟ್ಟರು!” ಎಂದು ಫೋನಿಟ್ಟ.

ಹೊರಗೆ ಲಿಫ್ಟಿನ ಮುಂದೆ ಜನ ಸೇರುವ ಸದ್ದು ಕೇಳಿತು. ಒಳಗಿದ್ದವರು ಬಾಗಿಲ ಚಿಲಕ ಹಾಕಿಕೊಂಡರು. ಸೆಕ್ರೆಟರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಕಟ್ಟಡದವರ ದೂರು ಕೇಳಿಸಿಕೊಳ್ಳದೆ ನಿಂತಿದ್ದ.

ಐದೂ ಮುಕ್ಕಾಲು. ಕೆಂಪಂಗಿ ಮೋಡದೊಳಗೆ ಹೊಕ್ಕ. ಪರದೆಯೆಲ್ಲ ಬಿಳಿ. ಉಸಿರಿನ ಸದ್ದು, ಗಾಳಿಯ ಸದ್ದು, ಕಲ್ಲಿಗೆ ಬೂಟು ತಾಗುವ ಸದ್ದು. ಐವರೂ ಅವನ ಜೊತೆಗೆ ಉಸಿರಾಡುತ್ತಿದ್ದರು. ಐದೂ ನಲವತ್ತೊಂಬತ್ತಕ್ಕೆ ಬಿಳಿಯೊಳಗಿಂದ ಆ ಹಾಳು ಬಂಡೆ ಮೂಡಿತು, ತುದಿಗೆ ಮುಂಚಿನ ಕೊನೇ ಅಂಚು. ಮೂರು ಸಲ ಅವನು ಬಿದ್ದದ್ದು ಇಲ್ಲೇ. ಇಲ್ಲಿಂದ ಹಾರಿ ಅಂಚನ್ನು ಹಿಡಿದು ನೇತಾಡಬೇಕು, ತಲೆ ಎತ್ತಿದರೆ ತುದಿ. ಸಿಕ್ಕಿತೋ ಸಿಕ್ಕಿತು, ಇಲ್ಲವೋ ಇಲ್ಲ.

ಬೀಳುವುದನ್ನು ಇನ್ನೊಂದು ಸಲ ನೋಡಲು ತನ್ನಿಂದಾಗದು ಎಂದು ಮೆಕ್ಯಾನಿಕ್ಕಿಗೆ ಅನಿಸಿತು. ಹಾರಿಸಿದ.

“ಹಿಡಿ!” ಎಂದು ಚೀರಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

ಗಾಳಿಯ ಸದ್ದು ನಿಂತುಹೋಯಿತು.

ದಬಕ್ ಎನ್ನಲಿಲ್ಲ. ಏನೂ ಎನ್ನಲಿಲ್ಲ. ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಮಾತ್ರ. ಆಮೇಲೆ ಟಿವಿಯಿಂದ ಒಂದು ನಾದ ಎದ್ದಿತು, ದೂರದಲ್ಲಿ ನೂರು ಜನ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಅವನ ಮುಚ್ಚಿದ ರೆಪ್ಪೆಯ ಮೇಲೆ ಬೆಚ್ಚನೆ ಬೆಳಕು ಬಿತ್ತು. ಸೆಕ್ರೆಟರಿಯ ಗಂಟಲಿಂದ ಬಿಕ್ಕಿದ ಸದ್ದು ಬಂತು. ಮೇಷ್ಟ್ರ ಕನ್ನಡಕ ನೆಲಕ್ಕೆ ಬಿದ್ದದ್ದು ಕೇಳಿಸಿತು, ಅವರು ಎತ್ತಿಕೊಳ್ಳಲಿಲ್ಲ. ಅಜ್ಜಿ ‘ಅಪ್ಪಾ... ಅಪ್ಪಾ...’ ಎನ್ನುತ್ತಿದ್ದಳು. ಇಷ್ಟು ಜನ ಹೀಗೆ ಸುಮ್ಮನಿರಬೇಕಾದರೆ ಕೆಂಪಂಗಿ ಸತ್ತೇ ಹೋಗಿರಬೇಕು ಎಂದುಕೊಂಡು ಮೆಕ್ಯಾನಿಕ್ ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿದ.

ಹೆಂಡತಿಯ ಕೈ ಅವನ ಭುಜದ ಮೇಲೆ ಬಿತ್ತು. ಹನ್ನೊಂದು ತಿಂಗಳು ಈ ಆಟಕ್ಕೆ ಶಾಪ ಹಾಕಿದವಳು, ಒಂದೂವರೆ ಗಂಟೆ ಉಸಿರೆತ್ತದೆ ನಿಂತವಳು. ತನ್ನ ಗಂಡ ಇದನ್ನು ನೋಡದೆ ಹೋಗುತ್ತಾನಲ್ಲ ಎಂದು ಅವಳ ಕರುಳು ಚುರುಕ್ಕೆಂದಿತು. ತಡೆದುಕೊಳ್ಳಲಾಗಲಿಲ್ಲ.

“ರೀ! ಗೆದ್ರಿ ರೀ! ಕಣ್ಣು ಬಿಡಿ!”

ಅವನು ಕಣ್ಣು ಬಿಟ್ಟ. ಕೆಂಪಂಗಿ ಕೈ ಬಿಟ್ಟ.

ಅವನು ಕಂಡದ್ದು ಬಿಳಿ ಮೋಡ, ಆಮೇಲೆ ಕಪ್ಪು ಬಂಡೆ, ಆಮೇಲೆ ಹಕ್ಕಿಗಳ ಬೆನ್ನು, ಕೊನೆಗೆ ಅವುಗಳ ಹೊಟ್ಟೆ. ದಬಕ್ ಎಂದಾಗ ಗಂಟೆ ಐದೂ ಐವತ್ತೊಂದು. ಒಂಬತ್ತು ನಿಮಿಷ ಕೆಂಪಂಗಿ ಡೇರೆಯ ಮುಂದೆ ಕೂತಿದ್ದ. ಮೆಕ್ಯಾನಿಕ್ ಅವನ ಮುಂದೆ ಕೂತಿದ್ದ. ಆರಕ್ಕೆ ಸರಿಯಾಗಿ ‘ನಮ್ಮೊಂದಿಗೆ ಹತ್ತಿದ್ದಕ್ಕೆ ಧನ್ಯವಾದಗಳು’ ಎಂದು ಬಂದು ಟಿವಿ ಕಪ್ಪಾಯಿತು.

“ಏನಿತ್ತು?” ಎಂದ ಮೆಕ್ಯಾನಿಕ್. “ಏನಿತ್ತು ಅಲ್ಲಿ? ಹೇಳಿ ಸಾರ್.”

ಸೆಕ್ರೆಟರಿ ಎರಡೂ ಕೈ ಗಾಳಿಯಲ್ಲಿ ಅಗಲಿಸಿದ. ಇನ್ನೂ ಅಗಲಿಸಿದ. ಸಾಲದೆ ಬಂದು ಕೈ ಇಳಿಸಿ ಮುಖ ಒರೆಸಿಕೊಂಡ.

“ಮೇಷ್ಟ್ರೇ?”

ನಲವತ್ತು ವರ್ಷ ಮಕ್ಕಳಿಗೆ ಉಪಮೆ, ರೂಪಕ ಕಲಿಸಿದವರು ಬಾಯಿ ತೆರೆದರು, ಮುಚ್ಚಿದರು. “ಅದರ ಹಾಗೆ ಇರೋದು ಇನ್ನೊಂದಿಲ್ಲ ಕಣಯ್ಯಾ. ಯಾವುದಕ್ಕೆ ಹೋಲಿಸ್ಲಿ?” ಎಂದು ಅವನ ತಲೆ ನೇವರಿಸಿದರು.

ಅಜ್ಜಿ ಆಗಲೇ ಚೀಲ ಎತ್ತಿಕೊಂಡು ಎದ್ದಿದ್ದಳು. “ಲಿಫ್ಟು ಬೇಡಪ್ಪಾ. ಇವತ್ತು ನಾನು ಹತ್ತಿಕೊಂಡೇ ಹೋಗ್ತೀನಿ,” ಎಂದು ಮೆಟ್ಟಿಲ ಕಡೆ ನಡೆದಳು. ಉಳಿದಿಬ್ಬರೂ ಅವಳ ಹಿಂದೆ ಹೋದರು.

ಮೆಕ್ಯಾನಿಕ್ ಹೆಂಡತಿಯ ಕೈ ಹಿಡಿದುಕೊಂಡ. ಅವಳ ಮುಖದಲ್ಲಿ ಇನ್ನೂ ಅಲ್ಲಿಯ ಬೆಳಕೇ ಇತ್ತು.

“ನೀನಾದ್ರೂ ಹೇಳೇ. ಹೇಗಿತ್ತು?”

ಅವಳು ಹೇಳಲು ಹೊರಟಳು. ಎರಡು ಸಲ ಹೊರಟಳು. ಕಣ್ಣಲ್ಲಿ ನೀರು ತುಂಬಿಕೊಂಡು, ಅವನ ಕೆನ್ನೆ ಸವರಿ, ತುಂಬ ಪ್ರೀತಿಯಿಂದ ಹೇಳಿದಳು.

“ಅದೆಲ್ಲ ಬಾಯಲ್ಲಿ ಹೇಳೋಕೆ ಆಗಲ್ಲ ರೀ. ಬಿಡಿ.”