ತೈಸ್ತೊನ ಹತ್ತು ಸೂತ್ರಗಳು

"ನೀವು ಒಳಗೆ ಹೋಗಿ ಆರಾಮಾಗಿ ಕಾಫಿ ಕುಡೀರಿ ಟೀಚರ್! ಹನ್ನೊಂದು ಗಂಟೆಯೊಳಗೆ ನಿಮ್ಮ ಕಾರು ಕುದುರೆ ಥರ ಕೆನೆಯದಿದ್ರೆ ನನ್ನ ಹೆಸರು ತೈಸ್ತೊ ಮುಸ್ತೋನೆನ್ ಅಲ್ಲ!"

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ, ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿಯಲ್ಲಿ, ಕಯಾನಿ ಊರಿನ ಒಂದು ಮೂರಂತಸ್ತಿನ ಕಟ್ಟಡದ ಅಂಗಳದಲ್ಲಿ ಈ ಭೀಷ್ಮ ಪ್ರತಿಜ್ಞೆ ಮೊಳಗಿತು. ಅಂಥ ಚಳಿಯಲ್ಲಿ ಬಾಯಿ ತೆರೆಯುವುದೇ ಕಷ್ಟ. ತೈಸ್ತೊಗೆ ಮುಚ್ಚುವುದು ಕಷ್ಟ.

ಅವನು ಮೆಕ್ಯಾನಿಕ್ ಅಂದುಕೊಂಡೀರಿ! ಮೂವತ್ತನಾಲ್ಕು ವರ್ಷ ಪುರಸಭೆಗಾಗಿ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತನಾದವನು. ಆದರೆ ಎಂಥಾ ಹಿಮ ಬಿದ್ದ ಬೆಳಿಗ್ಗೆಯಲ್ಲೂ ಅವನ ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತಿತ್ತು. ಪಕ್ಕದವರು ಬಾನೆಟ್ ಎತ್ತಿ ಒದ್ದಾಡುವಾಗ ಇವನು ಎಂಜಿನ್ ಚಾಲೂ ಮಾಡಿ ಕಿಟಕಿ ಇಳಿಸಿ, "ಆರೈಕೆ! ಆರೈಕೆ ಮುಖ್ಯ ಕಣ್ರಿ!" ಎಂದು ಉಪದೇಶಿಸಿ ಹೋಗುತ್ತಿದ್ದ. ಈ ಜ್ಞಾನ ತನ್ನೊಂದಿಗೇ ಮಣ್ಣಾಗಬಾರದೆಂದು ಎರಡು ವರ್ಷದ ಹಿಂದೆ 'ಚಳಿಗಾಲದಲ್ಲಿ ಕಾರು: ತೈಸ್ತೊನ ಹತ್ತು ಸೂತ್ರಗಳು' ಎಂದು ದಪ್ಪಕ್ಷರದಲ್ಲಿ ಬರೆದು, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಅಂಟಿಸಿ ಬಂದಿದ್ದ. ಕಟ್ಟಡದ ಎಲ್ಲರೂ ಬಂದು ಹೋಗುವ ಜಾಗ ಅದು. ತೈಸ್ತೊ ಒಬ್ಬನನ್ನು ಬಿಟ್ಟು.

ಸೈಮಿ ಟೀಚರ್ ಕಾಫಿಗೆ ಹೋಗಲಿಲ್ಲ. ಎಪ್ಪತ್ತಾರರ ಆ ನಿವೃತ್ತ ಶಿಕ್ಷಕಿ ಚಪ್ಪಟೆಯಾದ ಬಿಳಿ ಡಬ್ಬವೊಂದನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದರು. ಅದರಲ್ಲಿದ್ದದ್ದು ನಾಮಕರಣದ ಅಂಗಿ. ಸಾವಿರದ ಒಂಬೈನೂರ ಹನ್ನೊಂದರಿಂದ ಅವರ ಮನೆತನದ ಪ್ರತಿ ಮಗುವೂ ಅದೇ ಅಂಗಿಯಲ್ಲಿ ಹೆಸರು ಪಡೆದಿದೆ. ಅವತ್ತು ಮಧ್ಯಾಹ್ನ ಒಂದಕ್ಕೆ ಕುಹ್ಮೊದಲ್ಲಿ ಅವರ ತಮ್ಮನ ಮೊಮ್ಮಗುವಿನ ಸರದಿ. ನೂರು ಕಿಲೋಮೀಟರ್ ದಾರಿ, ಬೆಳಗಿನ ಬಸ್ಸು ಹೊರಟುಹೋಗಿತ್ತು, ಇವರ ಕೆಂಪು ಪುಟಾಣಿ ಕಾರು ಕೀಲಿ ತಿರುಗಿಸಿದರೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಪಾದ್ರಿ ಬಂದು ಕೂತಿರುತ್ತಾರೆ, ಮಗು ಬೆತ್ತಲೆ ಕೂತಿರುತ್ತದೆ!

"ನಿನ್ನ ಕಾರಲ್ಲೇ ಕರ್ಕೊಂಡು ಹೋಗಬಾರದಾ?" ಎಂದು ಮೊದಲನೇ ಮಹಡಿಯ ಕಿಟಕಿಯಿಂದ ಹೆಲ್ಕಾ ಕೇಳಿದಳು. ಹೆಲ್ಕಾ ತೈಸ್ತೊನ ಹೆಂಡತಿ. ಮನೆಯಲ್ಲಿ ಬುದ್ಧಿ ಇದ್ದದ್ದು ಆ ಕಡೆಗೇ.

"ಅದು ಸೋಲೊಪ್ಪಿಕೊಂಡ ಹಾಗೆ! ರೋಗದ ಮೂಲ ಹಿಡೀಬೇಕು ಹೆಲ್ಕಾ, ಮೂಲ!" ಎಂದವನೇ ಟೀಚರ ಕಡೆ ತಿರುಗಿದ. "ಸೂತ್ರ ಒಂದು. ಹೊರಡೋ ಎರಡು ಗಂಟೆ ಮೊದಲೇ ಎಂಜಿನ್ ಬೆಚ್ಚಗಿಡೋ ಹೀಟರಿನ ವಯರು ಕಂಬದ ಸಾಕೆಟ್ಟಿಗೆ ಸಿಕ್ಕಿಸಿದ್ರಾ?"

"ಇಲ್ಲ."

"ನೋಡಿ ಮತ್ತೆ! ಯಾಕೆ ಸಿಕ್ಕಿಸಲಿಲ್ಲ?"

ಸೈಮಿ ಟೀಚರ್ ಎರಡು ಕಾರುಗಳ ನಡುವಿನ ಕಂಬವನ್ನು ನೋಡಿದರು, ತೈಸ್ತೊನನ್ನು ನೋಡಿದರು, ಕೊನೆಗೆ ತಮ್ಮ ಬೂಟುಗಳನ್ನು ನೋಡಿಕೊಂಡರು. "ಅಲ್ಲಿ… ಜಾಗ ಇರಲಿಲ್ಲ."

"ಜಾಗ ಇರಲಿಲ್ವಾ! ಬೆರಳುದ್ದದ ಪ್ಲಗ್ಗಿಗೆ ಎಷ್ಟು ಎಕರೆ ಬೇಕು ಟೀಚರ್?" ಎಂದು ತೈಸ್ತೊ ತನ್ನ ಹಾಸ್ಯಕ್ಕೆ ತಾನೇ ನಕ್ಕ. "ಬ್ಯಾಟರಿಯನ್ನ ದಿನಾ ಸಂಜೆ ಶಾಲು ಸುತ್ತಿ, ಜಾರುಬಂಡಿ ಮೇಲಿಟ್ಟು ಮನೆಗೆ ತಳ್ಕೊಂಡು ಹೋಗ್ತೀರಲ್ಲ, ನಾನು ನೋಡಿದೀನಿ. ಅದೆಲ್ಲ ಅಜ್ಜಿ ವೈದ್ಯ! ಸೂತ್ರ ಏಳರಲ್ಲಿ ಸ್ಪಷ್ಟವಾಗಿ ಬೇಡ ಅಂದಿದೀನಿ."

"ಓದಿದೀನಿ. ಆದರೆ ಈ ಕಂಬದ ವಿಷಯ ಸ್ವಲ್ಪ…"

"ಕಂಬದ ವಿಷಯ ಆಮೇಲೆ!"

ಬಾನೆಟ್ ಎತ್ತಿದ. ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಒಳಗೆ ತಲೆ ತೂರಿಸಿದ. ಸ್ಟಾರ್ಟರ್ ಮೋಟಾರಿಗೆ ಸುತ್ತಿಗೆಯಿಂದ ಮೂರು ಏಟು ಹಾಕಿದ; ಅದು ಮೂರಕ್ಕೂ ಒಂದೇ ಸ್ವರದಲ್ಲಿ ಠಣ್ ಎಂದಿತು. "ಮೋಟಾರು ಸರಿಯಾಗಿದೆ," ಎಂದು ತೀರ್ಪು ಕೊಟ್ಟ. ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ. ನಂತರ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲೇರಿ ಅಡುಗೆಮನೆಗೆ ನುಗ್ಗಿದ. ಸೂತ್ರ ಐದು: ತಣ್ಣಗಾದ ಪ್ಲಗ್ಗುಗಳನ್ನು ಓವನ್ ಒಲೆಯಲ್ಲಿ ಕಾಯಿಸಿ ಹಾಕಿದರೆ ಎಂಜಿನ್ ಕೂಡಲೇ ಹೊತ್ತಿಕೊಳ್ಳುತ್ತದೆ.

ಒಲೆಯಲ್ಲಿ ಆಗಲೇ ಹೆಲ್ಕಾಳ ರೈ ಧಾನ್ಯದ ಹಿಟ್ಟಿನ ಕಡುಬುಗಳು ಬೇಯುತ್ತಿದ್ದವು. ಮಗುವಿನ ಮನೆಗೆಂದು ಟೀಚರ ಕೈಲಿ ಕೊಟ್ಟು ಕಳಿಸಲು ಬೆಳಿಗ್ಗೆಯೇ ಎದ್ದು ಅನ್ನದ ಗಂಜಿ ತುಂಬಿ ಮಡಿಚಿ ಇಟ್ಟಿದ್ದಳು.

"ಏಯ್! ಪೆಟ್ರೋಲು ಮೆತ್ತಿದ ಕಬ್ಬಿಣಾನ ನನ್ನ ಕಡುಬಿನ ಪಕ್ಕ ಇಡ್ತೀಯಾ? ನಿಂಗೇನು ತಲೆ ಸರಿ ಇದೆಯಾ?"

"ಐದೇ ನಿಮಿಷ! ಮೂಲೆಯಲ್ಲಿ ಇಡ್ತೀನಿ. ಒಂದು ಮಗುವಿನ ಹೆಸರಿನ ಪ್ರಶ್ನೆ ಇದು ಹೆಲ್ಕಾ!"

"ಮಗೂಗೆ ಹೆಸರು ಬರುತ್ತೆ. ನಿನ್ನ ಹೆಸರು ಏನಾಗುತ್ತೋ ನೋಡ್ಕೋ."

ಐದು ನಿಮಿಷ ಸುಮ್ಮನೆ ನಿಲ್ಲುವ ಜಾಯಮಾನ ಅವನದಲ್ಲ. ಅಷ್ಟರಲ್ಲಿ ಎಂಜಿನ್ನಿಗೂ ಬಿಸಿಗಾಳಿ ಕೊಡೋಣವೆಂದು ಹೆಂಡತಿಯ ಕೂದಲು ಒಣಗಿಸುವ ಯಂತ್ರ ಹೊತ್ತುಕೊಂಡು ಕೆಳಗಿಳಿದ. ಕಂಬದಲ್ಲಿ ಎಡಕ್ಕೊಂದು ಬಲಕ್ಕೊಂದು ಸಾಕೆಟ್ಟು, ಒಂದೊಂದು ಕಾರಿಗೆ ಒಂದೊಂದು. ಎಡದ್ದಕ್ಕೆ ಎಂದಿನಂತೆ ತೈಸ್ತೊನ ಕಾರಿನ ವಯರು. ಬಲದ್ದು ಖಾಲಿ. ಯಂತ್ರವನ್ನು ಅದಕ್ಕೆ ಸಿಕ್ಕಿಸಿದ. ಗುಂಡಿ ಒತ್ತಿದ. ಉಸಿರಿಲ್ಲ! ಇನ್ನೊಮ್ಮೆ ಒತ್ತಿದ. ಊಹೂಂ!

ತೈಸ್ತೊನ ಮುಖ ಅರಳಿತು. ರೋಗದ ಮೂಲ ಸಿಕ್ಕೇಬಿಟ್ಟಿತು!

"ಟೀಚರ್! ನಿಮ್ಮ ಸಾಕೆಟ್ಟೇ ಸತ್ತಿದೆ! ಕರೆಂಟೇ ಇಲ್ಲ! ಅದಕ್ಕೇ ನಿಮ್ಮ ಕಾರು ಹೀಗೆ! ಎಷ್ಟು ದಿನದಿಂದ ಹೀಗಿದೆ?"

"ಎರಡು ಚಳಿಗಾಲ ಆಯ್ತು," ಎಂದರು ಸೈಮಿ ಟೀಚರ್ ಮೆಲ್ಲಗೆ. "ಆದರೆ ತೈಸ್ತೊ ಅವರೇ, ಅದು…"

"ಎರಡು ಚಳಿಗಾಲ! ವಯಸ್ಸಾದವರು ಬ್ಯಾಟರಿ ಹೊತ್ಕೊಂಡು ಓಡಾಡ್ತಿದ್ರೆ ನೋಡ್ಕೊಂಡು ಕೂತಿದಾರೆ! ಇವತ್ತು ಬಿಡಲ್ಲ!"

ಫೋನಾಯಿಸಿ ಕಟ್ಟಡ ನೋಡಿಕೊಳ್ಳುವ ಒಸ್ಮೊನನ್ನು ಕರೆಸಿದ. ಒಸ್ಮೊ ಹತ್ತೂವರೆಗೆ ಬಂದ. ಅಷ್ಟು ಹೊತ್ತಿಗೆ ಅಂಗಳ ಬೆಳಗಾಗಿತ್ತು. ಕಿಟಕಿಗಳ ಪರದೆಗಳು ಒಂದೊಂದಾಗಿ ಸರಿದವು. ನಾಯಿ ಹಿಡಿದ ಇಬ್ಬರು, ಹಿಮ ಕೆರೆಯುತ್ತಿದ್ದ ಒಬ್ಬರು ಅಲ್ಲಲ್ಲೇ ನಿಂತರು. ತೈಸ್ತೊಗೆ ಸಭೆ ಸಿಕ್ಕಿತು. ಸಭೆ ಸಿಕ್ಕ ಮೇಲೆ ಕೇಳಬೇಕೆ?

"ನಾಚಿಕೆ ಆಗಬೇಕು ರೀ! ಪಕ್ಕದಲ್ಲೇ ಇದ್ದು ಒಬ್ಬ ಟೀಚರಿಗೆ ಇಂಥ ಅನ್ಯಾಯ! ಯಾರು ಇದಕ್ಕೆ ಕಾರಣ? ಇವತ್ತು ಎಲ್ಲರ ಮುಂದೆ ಹೇಳಬೇಕು!"

ಒಸ್ಮೊ ಬಾಯಿ ಬಿಡುವ ಮುಂಚೆ ಯೋಚಿಸುವ ಮನುಷ್ಯ. ಬಗ್ಗಿ ಸಾಕೆಟ್ಟು ನೋಡಿದ. ಎದ್ದು ಕಾರುಗಳನ್ನು ನೋಡಿದ. ಮತ್ತೆ ಬಗ್ಗಿ, ಸಾಕೆಟ್ಟಿನ ಕೆಳಗೆ ಕೂತಿದ್ದ ಹಿಮವನ್ನು ಕೈಗವಸಿನಿಂದ ಒರೆಸಿದ.

"ಈ ಸತ್ತಿರೋ ಸಾಕೆಟ್ಟಿನ ನಂಬರ್ ಓದಿ ತೈಸ್ತೊ."

"ಹದಿನೈದು."

"ನಿಮ್ಮ ಕಾರು ನಿಲ್ಲೋ ಜಾಗದ ನಂಬರ್?"

ಇಡೀ ಊರಿನ ಮೀಟರ್ ಓದಿದ ಕಣ್ಣು ತನ್ನ ಕಾರಿನ ಮುಂದಿನ ಹಲಗೆಯತ್ತ ಹೊರಳಿತು. ಅಲ್ಲಿಯೂ ಹದಿನೈದೇ ಇತ್ತು.

"ಎರಡು ವರ್ಷದ ಹಿಂದೆ ಹೊಸ ಟಾರು ಹಾಕಿ ಗೆರೆ ಎಳೆದಾಗ ಎಲ್ಲರ ಜಾಗಾನೂ ಒಂದೊಂದು ನಂಬರ್ ಮುಂದೆ ಸರೀತು," ಎಂದ ಒಸ್ಮೊ. "ಟೀಚರ್ ಹದಿನಾಲ್ಕಕ್ಕೆ ಬಂದ್ರು, ನೀವು ಹದಿನಾಲ್ಕರಿಂದ ಹದಿನೈದಕ್ಕೆ ಬಂದ್ರಿ. ಕಾರು ಬಂತು. ವಯರು ಬರಲಿಲ್ಲ. ಹದಿನೈದನ್ನ ಯಾರೂ ಮುಟ್ತಾ ಇಲ್ಲ ಅಂತ ನಾನೇ ಅದರ ಫ್ಯೂಸ್ ತೆಗೆದಿಟ್ಟೆ."

ಯಾರಾದರೂ ನಕ್ಕಿದ್ದರೆ ತೈಸ್ತೊ ಬದುಕಿಕೊಳ್ಳುತ್ತಿದ್ದ. ಯಾರೂ ನಗಲಿಲ್ಲ. ಎಲ್ಲರೂ ಅವನನ್ನು ನೋಡದಿರಲು ಶ್ರಮಪಟ್ಟರು. ನಾಯಿಗಳೂ ಮುಖ ತಿರುಗಿಸಿದವು. ನಾಚಿಕೆಯಿಂದ ಅವನ ಕಿವಿಗಳು ಎಷ್ಟು ಕಾದವೆಂದರೆ, ಟೀಚರ ಎಂಜಿನ್ನಿಗೆ ತಾಗಿಸಿದ್ದರೆ ಅದು ಆಗಲೇ ಸ್ಟಾರ್ಟ್ ಆಗುತ್ತಿತ್ತು. ಆರೈಕೆಯಂತೆ ಆರೈಕೆ! ಎರಡು ಚಳಿಗಾಲ ಇವನ ಕಾರು ಬೆಚ್ಚಗಿದ್ದದ್ದು ಟೀಚರ ಸಾಕೆಟ್ಟಿನಿಂದ. ಆ ವಯಸ್ಸಿನಲ್ಲಿ ಅವರು ಬ್ಯಾಟರಿ ಹೊತ್ತದ್ದು ಇವನಿಂದ.

"ಹತ್ತೂ ಮುಕ್ಕಾಲು," ಎಂದರು ಸೈಮಿ ಟೀಚರ್, ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ತೈಸ್ತೊ ಓಡಿದ. ಕನಿಷ್ಠ ಬಿಚ್ಚಿದ್ದನ್ನಾದರೂ ಜೋಡಿಸಿ ಮಾನ ಉಳಿಸಿಕೊಳ್ಳೋಣವೆಂದು ಒಲೆ ತೆರೆದರೆ ಮೂರೇ ಪ್ಲಗ್ಗು! ಕಡುಬುಗಳೂ ಇರಲಿಲ್ಲ, ಹೆಲ್ಕಾ ಆಗಲೇ ತೆಗೆದು ಟೀಚರಿಗಾಗಿ ಡಬ್ಬಕ್ಕೆ ತುಂಬಿಟ್ಟಿದ್ದಳು. ಒಲೆಯೊಳಗೆ, ಒಲೆಯ ಕೆಳಗೆ, ಮೆಟ್ಟಿಲ ಮೇಲೆ ಎಲ್ಲೆಡೆ ತಡಕಾಡಿದ. ನಾಲ್ಕನೆಯದು ಪತ್ತೆಯಿಲ್ಲ. ಬೆಳಿಗ್ಗೆ ನರಳುವಷ್ಟಾದರೂ ಜೀವವಿದ್ದ ಕಾರು ಈಗ ಇವನ ದಯೆಯಿಂದ ಪೂರ್ತಿ ನಿಶ್ಚಲ.

"ಟೀಚರ್," ಎಂದು ಬಂದು ತಲೆ ತಗ್ಗಿಸಿ ನಿಂತ, "ನನ್ನ… ನಮ್ಮ… ಆ ಕಾರಲ್ಲಿ ಹೋಗೋಣ್ವಾ?"

ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ದರಿದ್ರದ್ದು, ಅವತ್ತಾದರೂ ಸ್ವಲ್ಪ ಹಟ ಮಾಡಬಾರದಿತ್ತೇ!

ಮೊದಲ ಐವತ್ತು ಕಿಲೋಮೀಟರ್ ತೈಸ್ತೊ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಸೈಮಿ ಟೀಚರ್ ಕೈಗವಸು ಕಳಚುತ್ತಾ, "ಕಾರು ಚೆನ್ನಾಗಿ ಬೆಚ್ಚಗಿದೆ," ಎಂದರು. ಉಳಿದ ಐವತ್ತೂ ಹಾಗೇ ಕಳೆದವು.

ಒಂದಕ್ಕೆ ಹತ್ತು ನಿಮಿಷವಿರುವಾಗ ಮುಟ್ಟಿದರು. ಅಂಗಿ ಮಗುವಿನ ಮೈಸೇರಿತು, ಅಂಚಿನಲ್ಲಿ ಕಸೂತಿ ಹಾಕಿದ ಹಳೆಯ ಹೆಸರುಗಳೆಲ್ಲ ಕಾಣುವಂತೆ ಅದನ್ನು ಹರಡಿದರು, ಪಾದ್ರಿ ನೀರು ಮುಟ್ಟಿಸಿದರು. ಮಗು ಚೀರಿತು. ತೈಸ್ತೊಗೂ ಚೀರಬೇಕೆನಿಸಿತ್ತು.

ನಿಜವಾದ ಶಿಕ್ಷೆ ಶುರುವಾದದ್ದು ಕಾಫಿಯ ಮೇಜಿನಲ್ಲಿ.

"ನೀವೇನಾ ಅತ್ತೇನ ಕರ್ಕೊಂಡು ಬಂದ ಪಕ್ಕದ ಮನೆಯವರು?" ಎಂದು ಮಗುವಿನ ತಾಯಿ ಕಣ್ಣು ಒರೆಸಿಕೊಂಡಳು. "ಈ ಚಳಿಯಲ್ಲಿ! ಇಂಥ ನೆರೆಯವರು ಸಿಗೋಕೆ ಪುಣ್ಯ ಮಾಡಿರಬೇಕು!"

"ಎಂಥಾ ಚಳಿ ಇದ್ರೂ ಇವರ ಕಾರು ಸ್ಟಾರ್ಟ್ ಆಗುತ್ತೆ," ಎಂದರು ಸೈಮಿ ಟೀಚರ್, ಮುಖದ ಒಂದು ಗೆರೆಯೂ ಅಲುಗದಂತೆ.

"ಹೌದಾ? ಏನು ಗುಟ್ಟು?" ಎಂದು ಪಾದ್ರಿಯೇ ಆಸಕ್ತಿಯಿಂದ ಮುಂದೆ ಬಾಗಿದರು.

ತೈಸ್ತೊ ಬಾಯಿಗೆ ಕೇಕು ತುರುಕಿಕೊಂಡ. ಅದೇ ಹೊತ್ತಿಗೆ ಟೀಚರ್ ಹೆಲ್ಕಾಳ ಕಡುಬಿನ ಡಬ್ಬ ತೆರೆದರು. ಅವರ ಕೈ ಒಂದು ಕ್ಷಣ ನಿಂತಿತು. ನಂತರ ಕಡುಬುಗಳ ಸಂದಿಯಿಂದ ಏನನ್ನೋ ಕರವಸ್ತ್ರದಲ್ಲಿ ಹಿಡಿದೆತ್ತಿ, ಮೆಲ್ಲಗೆ ಕೈಚೀಲಕ್ಕೆ ಹಾಕಿಕೊಂಡರು. ಬೇರೆ ಯಾರೂ ನೋಡಲಿಲ್ಲ. ತೈಸ್ತೊ ನೋಡಿದ. ಎರಡು ಚಳಿಗಾಲ ಇವನ ಮಾನ ಮುಚ್ಚಿದ ಹೆಂಗಸು ಈಗಲೂ ಅದನ್ನೇ ಮಾಡುತ್ತಿದ್ದರು.

ವಾಪಸು ಬರುವಾಗ ಅವನಿಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಟೀಚರ್. ದೊಡ್ಡ ತಪ್ಪು. ಆದರೆ ಅಷ್ಟು ದಿನ ಒಂದು ಮಾತು ಹೇಳಬಾರದಿತ್ತಾ? ಪಕ್ಕದ ಖಾಲಿ ಸಾಕೆಟ್ಟಿಗಾದ್ರೂ ಸಿಕ್ಕಿಸಬಾರದಿತ್ತಾ?"

"ಅದು ನಿಮ್ಮದಲ್ವಾ? ಕೇಳದೆ ಹೇಗೆ ಬಳಸೋದು?" ಎಂದು ಅವರು ನಿಜಕ್ಕೂ ಆಶ್ಚರ್ಯಪಟ್ಟರು. "ನೀವೇ ಗಮನಿಸ್ತೀರಿ ಅಂತ ಕಾದೆ. ಆಮೇಲೆ ಬರೆದೆ ಕೂಡ."

"ಬರೆದ್ರಾ? ಎಲ್ಲಿ?"

"ನಿಮ್ಮ ಸೂತ್ರದ ಹಾಳೆ ಮೇಲೇ. ಓದಿಯೂ ಸುಮ್ಮನಿದೀರಿ, ಕೊಡೋ ಮನಸ್ಸಿಲ್ಲ ಅಂದ್ಕೊಂಡು ಬಿಟ್ಟುಬಿಟ್ಟೆ."

ತೈಸ್ತೊಗೆ ಸ್ಟೇರಿಂಗಿನ ಕೆಳಗೆ ತೂರಿಕೊಳ್ಳುವಂತಾಯಿತು. ಮರೆಗುಳಿ ಎನಿಸಿಕೊಳ್ಳುವುದು ಬೇರೆ. ಎರಡು ವರ್ಷ ಅವರ ಕಣ್ಣಿಗೆ ತಾನು ತಿಳಿದೂ ತಿಳಿದೂ ಕದಿಯುವವನಾಗಿದ್ದ!

ಮನೆ ಮುಟ್ಟಿದಾಗ ಸೈಮಿ ಟೀಚರ್ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಗಂಜಿ ಮೆತ್ತಿದ ಸ್ಪಾರ್ಕ್ ಪ್ಲಗ್ಗು. "ಇದು ನನ್ನದೇ ಅಲ್ವಾ?" ಎಂದರು. "ಈ ಸಲ ಕೇಳಿಬಿಡೋಣ ಅನ್ನಿಸ್ತು."

ಅವನು ಮೊದಲು ಎಡದ ಸಾಕೆಟ್ಟಿನಿಂದ ತನ್ನ ವಯರು ಕಿತ್ತ. ಪ್ಲಗ್ಗುಗಳನ್ನು ಒರೆಸಿ ಜೋಡಿಸಿದ. ಟೀಚರ ವಯರನ್ನು ತನ್ನ ಕೈಯಾರೆ ಹದಿನಾಲ್ಕಕ್ಕೆ ಸಿಕ್ಕಿಸಿ, ನಂಬರನ್ನು ಮೂರು ಸಲ ಓದಿದ. ಆಮೇಲೆ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ನೆಲಮಾಳಿಗೆಗೆ ಇಳಿದ.

ಒಗೆಯುವ ಕೋಣೆಯಲ್ಲಿ ಹೆಲ್ಕಾ ಒದ್ದೆ ಚಾದರ ಕೊಡವುತ್ತಿದ್ದಳು. ಗೋಡೆಯ ಮೇಲೆ ಅವನ ಹಾಳೆ ಹಳದಿಯಾಗಿ ನಿಂತಿತ್ತು. ಸೂತ್ರ ಒಂದು: ಹೊರಡುವ ಎರಡು ಗಂಟೆ ಮೊದಲು ವಯರನ್ನು ಸಾಕೆಟ್ಟಿಗೆ ಸಿಕ್ಕಿಸಿ. 'ಸಾಕೆಟ್ಟಿಗೆ' ಎಂಬ ಪದಕ್ಕೆ ಮುಂಚೆ ಪೆನ್ಸಿಲಿನಲ್ಲಿ ಪದ ಸೇರಿಸುವ ಒಂದು ಪುಟ್ಟ ಗುರುತು, ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ತಮ್ಮ'. ಅದರ ಪಕ್ಕದಲ್ಲಿ ಬಗೆಬಗೆಯ ಪೆನ್ನುಗಳಲ್ಲಿ ಸರಿ ಗುರುತುಗಳು. ಎಣಿಸಿದ. ಹನ್ನೊಂದು!

"ಅಂದ್ರೆ ಇಡೀ ಕಟ್ಟಡಕ್ಕೇ ಗೊತ್ತಿತ್ತು!" ಎಂದ.

"ಅದರಲ್ಲಿ ಒಂದು ನಂದು," ಎಂದಳು ಹೆಲ್ಕಾ. "ನಂಗೇನು ಗೊತ್ತು ಅದು ನಿನಗೆ ಬರೆದಿದ್ದು ಅಂತ? ಟೀಚರ್ ತಿದ್ದಿದಾರೆ, ಮಾತು ಸರಿಯಾಗಿದೆ ಅಂತ ಹಾಕಿದೆ. ಎರಡು ವರ್ಷದಲ್ಲಿ ಒಂದೇ ಒಂದು ಸಲ ನಿನ್ನ ಬಟ್ಟೆ ಒಗೆಯೋಕೆ ನೀನೇ ಇಳಿದು ಬಂದಿದ್ರೆ ಸಾಕಿತ್ತು ಕಣೋ."

ತೈಸ್ತೊ ಅವಳ ಪಕ್ಕದಲ್ಲಿದ್ದ ಬುಟ್ಟಿ ಎತ್ತಿಕೊಂಡು, ಕೊಳೆ ಬಟ್ಟೆಗಳನ್ನೆಲ್ಲ ಯಂತ್ರಕ್ಕೆ ತುಂಬಿ, ಬಾಗಿಲು ಮುಚ್ಚಿ, ಅದರ ಗುಂಡಿಗಳ ಮುಂದೆ ತುಂಬಾ ಹೊತ್ತು ನಿಂತ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ: "ಇದನ್ನ ಹೇಗೆ ಚಾಲೂ ಮಾಡೋದು?"

"ಮೊದಲು ಪ್ಲಗ್ ಸಿಕ್ಕಿಸು," ಎಂದಳು ಹೆಲ್ಕಾ. "ಯಾರದ್ದು ಅಂತ ನೋಡ್ಕೊಂಡು."