ಗೌರಿ, ಅವನಿಗಿ ಹೇಳು

ನಮ್ಮ ಅಜ್ಜಿ ತನ್ನ ಒಬ್ಬನೇ ಮಗನ ಜೊತೆ ವರ್ಷಾನುಗಟ್ಟಲೆ ಒಂದೇ ಒಂದು ಮಾತು ಆಡಲಿಲ್ಲ. ಹಾಗಂತ ಆಕೆಯನ್ನು ಮೌನವ್ರತದವಳು ಅಂದುಕೊಂಡೀರಿ, ಜೋಕೆ! ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಿದ್ದ ಹೆಂಗಸು ಆಕೆ. ಮಗನಿಗೆ ಹೇಳಬೇಕಾದ ಬುದ್ಧಿಮಾತು, ಬೈಗುಳ, ಊರಿನ ಸುದ್ದಿ, ಮೈ ಹುಷಾರಿನ ವಿಚಾರಣೆ, ಯಾವುದನ್ನೂ ಹೊಟ್ಟೆಯಲ್ಲಿ ಉಳಿಸಿಕೊಂಡವಳಲ್ಲ. ಎಲ್ಲವನ್ನೂ ಮಗನ ಎದುರಿಗೇ ಕುಳಿತು, ಅವನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದಳು. ಹೇಳುತ್ತಿದ್ದದ್ದು ಮಾತ್ರ ನಾಯಿಗೆ.

ಇದಕ್ಕೆಲ್ಲ ಕಾರಣ ಒಂದು ಎಮ್ಮೆ. ಅರವತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ನಾಸಿಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಬೀದರ ಜಿಲ್ಲೆಯ ನಮ್ಮ ಹಳ್ಳಿ ಬಿಟ್ಟು ಹೊರಡಲು ಅಜ್ಜಿ ಒಂದೇ ಷರತ್ತು ಹಾಕಿದಳು: "ನನ್ನ ಗೌರಿ ಬಂದ್ರ ನಾ ಬರ್ತೀನಿ." ಗೌರಿ ಅಂದರೆ ಆಕೆ ಕರುವಿನಿಂದ ಸಾಕಿದ ಎಮ್ಮೆ. ಅಪ್ಪ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡುಬಿಟ್ಟ. "ಮೊದಲ ಕ್ವಾರ್ಟರ್ಸ್ ಸಿಗಲಿ ಯವ್ವಾ, ಆಮ್ಯಾಲ ಗೌರಿನ್ನ ತರಸ್ತೀನಿ" ಅಂದ. ಕ್ವಾರ್ಟರ್ಸ್ ಏನೋ ಸಿಕ್ಕಿತು. ಎರಡು ಕೋಣೆ, ಒಂದು ವರಾಂಡ, ಮುಂದೆ ತುಳಸಿಕಟ್ಟೆ ಕಟ್ಟಿದರೆ ಮುಗಿದುಹೋಗುವಷ್ಟು ಅಂಗಳ. ಎಮ್ಮೆಯನ್ನು ಎಲ್ಲಿ ಕಟ್ಟುವುದು? ಟ್ರಂಕಿನ ಮೇಲೋ? ಅಪ್ಪ ತಾಯಿಗೆ ಹೇಳದೆ ಎಮ್ಮೆಯನ್ನು ಊರಲ್ಲೇ ತನ್ನ ಸೋದರಮಾವನಿಗೆ ಕೊಟ್ಟುಬಿಟ್ಟ.

ಗುಟ್ಟು ಬಯಲು ಮಾಡಿದ್ದು ತುಪ್ಪ! ಊರಿನಿಂದ ಬಂದವರೊಬ್ಬರ ಕೈಯಲ್ಲಿ ಆ ಸೋದರಮಾವ ಪ್ರೀತಿಯಿಂದ ಒಂದು ಡಬ್ಬಿ ತುಪ್ಪ ಕಳಿಸಿದ, "ನಿಮ್ಮ ಗೌರಿದೇ ಅಂತ ಹೇಳ್ರಿ" ಎಂಬ ಮಾತಿನ ಸಮೇತ. ಅಜ್ಜಿ ಡಬ್ಬಿ ಮೂಸಿ ನೋಡಿದಳು. "ಗೌರಿ ತುಪ್ಪ ಇಲ್ಲೀತನಕ ಬಂತು, ಗೌರಿ ಯಾಕ ಬರಲಿಲ್ಲ?" ಎಂದು ಮಗನನ್ನು ಕೇಳಿದಳು. ಅಪ್ಪ ನಿಜ ಹೇಳಿದ. ಅಜ್ಜಿ ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡು, "ಈ ಲಿಂಗದ ಆಣಿ, ಇನ್ನ ನಿನ್ನ ಕೂಡ ಮಾತಾಡಲ್ಲ" ಅಂದಳು. ನಮ್ಮಲ್ಲಿ ಲಿಂಗ ಮುಟ್ಟಿ ಹೇಳಿದ ಮಾತು ಅಂದರೆ ಮುಗಿಯಿತು. ಸಿಟ್ಟು ಇಳಿಯಬಹುದು, ಆಣೆ ಇಳಿಯುವುದಿಲ್ಲ. ಅಜ್ಜಿಯ ಸಿಟ್ಟು ಎಂಟು ದಿನದಲ್ಲೇ ಇಳಿದಿತ್ತು ಎಂದು ಅಮ್ಮ ಆಮೇಲೆ ಹೇಳುತ್ತಿದ್ದಳು. ಆದರೆ ಏನು ಮಾಡುವುದು?

ಅಪ್ಪ ಪ್ರಾಯಶ್ಚಿತ್ತಕ್ಕೆ ಒಂದು ದಾರಿ ಹುಡುಕಿದ. ದೇವಳಾಲಿ ಕ್ಯಾಂಪಿನಲ್ಲಿದ್ದ ಸೈನಿಕ ಗೆಳೆಯನ ಮನೆಯಿಂದ ಒಂದು ನಾಯಿಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟ. ಎಮ್ಮೆಯ ಬದಲಿಗೆ ನಾಯಿ! ಇಂಥ ಲೆಕ್ಕ ನಮ್ಮಪ್ಪನಿಗಲ್ಲದೆ ಇನ್ಯಾರಿಗೆ ಹೊಳೆದೀತು? ಅಜ್ಜಿ ಮರಿಯನ್ನು ನೋಡಿದಳು, ಮಗನನ್ನು ನೋಡಿದಳು. ಬಾಯಿ ತೆರೆದಳು. ಆಣೆ ನೆನಪಾಗಿ ಮುಚ್ಚಿದಳು. ಗಂಟಲಿಗೆ ಬಂದ ಪ್ರಶ್ನೆಯನ್ನು ನುಂಗುವ ಅಭ್ಯಾಸ ಆಕೆಗೆ ಹುಟ್ಟಿನಿಂದಲೂ ಇರಲಿಲ್ಲ. ಕೊನೆಗೆ ತಡೆಯಲಾರದೆ ಮರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ಕೇಳಿದಳು:

"ಏನೋ, ನೀ ಹಾಲು ಕೊಡ್ತೀಯೇನು?"

ಮರಿ ಹೆದರಿ ಅಲ್ಲೇ ಉಚ್ಚೆ ಹೊಯ್ಯಿತು.

"ಇಷ್ಟು ಕೊಡ್ತದ ನೋಡು!" ಎಂದಳು ಅಜ್ಜಿ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಪ್ಪನ ಮುಖ ಮಾತ್ರ ಅರಳಿತ್ತು. ಎಷ್ಟೋ ದಿನಗಳ ಮೇಲೆ ತಾಯಿ ತನಗೆ ತಲುಪುವ ಹಾಗೆ ಒಂದು ಮಾತು ಆಡಿದ್ದಳಲ್ಲ!

ಅಂದೇ ಮರಿಗೆ ನಾಮಕರಣವೂ ಆಯಿತು: ಗೌರಿ. ಅದು ಗಂಡು ಎಂದು ತೋರಿಸಿಕೊಡಲು ಪಕ್ಕದ ಮನೆಯ ಮರಾಠಿ ಹೆಂಗಸೊಬ್ಬರು ಬಹಳ ಪ್ರಯತ್ನಪಟ್ಟರು. "ಗೊತ್ತದರೀ, ನನಗೂ ಕಣ್ಣವ" ಅಂದಳು ಅಜ್ಜಿ. "ಗೌರಿ ಜಾಗಾದಾಗ ಬಂದದ. ಗೌರೀನೇ." ಅಲ್ಲಿಗೆ ಆ ಚರ್ಚೆ ಮುಗಿಯಿತು. ಕಿವಿ ನಿಮಿರಿದ, ಮೀಸೆ ಬಿಟ್ಟ, ಇಡೀ ಕಾಲೊನಿಯ ಗಂಡುನಾಯಿಗಳನ್ನು ಅಟ್ಟಿಸಿಕೊಂಡು ಹೋಗುವ ಗೌರಿ!

ನೋಡನೋಡುತ್ತ ನಮ್ಮ ಮನೆಯ ಮಾತೆಲ್ಲ ಗೌರಿಯ ಕಿವಿಯ ಮೂಲಕವೇ ಹಾದುಹೋಗತೊಡಗಿತು. "ಗೌರಿ, ಅವನಿಗಿ ಹೇಳು, ಬಿಸಿಲಾಗ ತಲಿಗಿ ಏನರ ಸುತ್ಕೊಂಡು ಹೋಗು ಅಂತ." "ಗೌರಿ, ಯವ್ವಗ ಹೇಳು, ಸೈಕಲ್ ಮ್ಯಾಲ ಗಾಳಿ ಬರ್ತದ ಅಂತ." ಗೌರಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕತ್ತು ತಿರುಗಿಸುತ್ತ ಕೂತಿರುತ್ತಿತ್ತು. ಅಮ್ಮನಿಗೂ ಅಜ್ಜಿಗೂ ನಡುವೆ ಯಾವ ಆಣೆಯೂ ಇರಲಿಲ್ಲ. ಆದರೂ ಈ ಏರ್ಪಾಡಿನ ಸುಖ ಅಮ್ಮನಿಗೂ ಗೊತ್ತಾಯಿತು. "ಗೌರಿ, ಅತ್ತಿಯವರಿಗಿ ಹೇಳು, ನಿನ್ನೆ ಬ್ಯಾಳ್ಯಾಗ ಉಪ್ಪು ಜಾಸ್ತಿ ಹಾಕ್ದಾಕಿ ನಾ ಅಲ್ಲ" ಅನ್ನುವಷ್ಟು ಧೈರ್ಯ ಬಂತು. ನಾನು ಗಣಿತದಲ್ಲಿ ನಪಾಸಾದ ಸುದ್ದಿಯನ್ನು ಅಪ್ಪನಿಗೆ ಮುಟ್ಟಿಸಿದ್ದೂ ಗೌರಿಯ ಮೂಲಕವೇ. ಅಪ್ಪ ಕೈ ಎತ್ತಿದ. ಎದುರಿಗಿದ್ದದ್ದು ಗೌರಿ! ಕೈ ಇಳಿಸಿ ತಲೆ ಕೆರೆದುಕೊಂಡ.

ನಾನೂ ತಂಗಿಯೂ ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಆಡುತ್ತ ಬೆಳೆದೆವು. ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಗೌರಿಗೆ ಮಾತ್ರ ಅಜ್ಜಿಯ ಕನ್ನಡ ಬಿಟ್ಟರೆ ಇನ್ನೊಂದು ಭಾಷೆ ಗೊತ್ತಿರಲಿಲ್ಲ. ಅಂಚೆಯವನು ಗೇಟಿನಲ್ಲಿ ನಿಂತು, ನಾಯಿ ಓಡಿಸುವ ಮರಾಠಿಯಲ್ಲಿ "ಹಾಡ್, ಹಾಡ್" ಎಂದು ಎಷ್ಟು ಕೂಗಿದರೂ ಅದು ಮಿಸುಕುತ್ತಿರಲಿಲ್ಲ. "ಆಜೀ, ತುಮಚಾ ಕುತ್ರಾ ಮರಾಠಿ ಐಕತ್ ನಾಹೀ" ಎಂದು ಅಜ್ಜಿಗೆ ದೂರಿದ, ನಿಮ್ಮ ನಾಯಿ ಮರಾಠಿ ಕೇಳುವುದಿಲ್ಲ ಎಂದು. ಅಜ್ಜಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಮಜ್ಜಿಗೆ ಕೊಟ್ಟು, "ಹಚಾ" ಅನ್ನಲು ಕಲಿಸಿಕೊಟ್ಟಳು. ಅಜ್ಜಿ ಜೀವಮಾನದಲ್ಲಿ ಮಾಡಿದ ಕನ್ನಡ ಪ್ರಚಾರ ಅಷ್ಟೇ.

ಲಿಂಗಪೂಜೆ ಆಗುವವರೆಗೆ ಅಜ್ಜಿ ನೀರನ್ನೂ ಮುಟ್ಟುತ್ತಿರಲಿಲ್ಲ, ಗೌರಿಯೂ ಮುಟ್ಟಬಾರದಿತ್ತು. ಪೂಜೆ ಮುಗಿಸಿ, ಮೂರು ಬೆರಳಿನಲ್ಲಿ ಉಳಿದ ವಿಭೂತಿಯನ್ನು ವರಾಂಡದ ಗೋಣಿಚೀಲದ ಮೇಲೆ ಕಾಯುತ್ತ ಕೂತ ಗೌರಿಯ ಹಣೆಗೆ ಎಳೆದು, ಆಮೇಲೆ ಜೋಳದ ರೊಟ್ಟಿ ಮೊಸರು ಹಾಕುತ್ತಿದ್ದಳು. ಇಂಥ ಶಿವಭಕ್ತ ನಾಯಿ ಒಂದು ದಿನ ಎಲ್ಲಿಂದಲೋ ಎಲುಬು ಕಚ್ಚಿಕೊಂಡು ಬಂದುಬಿಟ್ಟಿತು! ಅಜ್ಜಿ ಅದಕ್ಕೆ ನಲ್ಲಿಯ ಕೆಳಗೆ ತಲೆಸ್ನಾನ ಮಾಡಿಸಿದಳು. ಅಪ್ಪ ಆಗಷ್ಟೇ ಕೆಲಸದಿಂದ ಬಂದು ಷೂ ಬಿಚ್ಚುತ್ತಿದ್ದ.

"ಗೌರಿ, ನೀ ಖರೇದವ ಇದ್ದಿ. ಎಲುಬು ತಿಂದು ಎಲುಬು ಹಿಡಕೊಂಡೇ ಮನಿಗಿ ಬಂದಿ. ಕೆಲವ್ರು ಕ್ಯಾಂಟೀನ್‌ನಾಗ ಆಮ್ಲೆಟ್ ತಿಂದು, ಮ್ಯಾಲ ಪಾನ್ ಹಾಕ್ಕೊಂಡು ಬರ್ತಾರ."

ಅಪ್ಪ ಬಾಯಲ್ಲಿದ್ದ ಪಾನನ್ನು ಉಗುಳಲೂ ಆಗದೆ ನುಂಗಲೂ ಆಗದೆ ಕೂತುಬಿಟ್ಟ.

ಅಪ್ಪನ ಮೇಲಧಿಕಾರಿ ಒಮ್ಮೆ ಚಹಾಕ್ಕೆ ಬಂದಿದ್ದರು. ಧಾರವಾಡದ ಕಡೆಯವರೆಂದು ಅಜ್ಜಿಗೆ ಗೊತ್ತಿರಲಿಲ್ಲ. "ಗೌರಿ, ಇವ್ರೇ ಏನು, ಅವನಿಗಿ ದಿನಾ ರಾತ್ರಿಪಾಳಿ ಹಾಕೋರು? ಕಣ್ಣು ನೋಡು ಹ್ಯಾಂಗ ಒಳಗ ಹೋಗ್ಯಾವ ಅವಂದು!" ಅಂದುಬಿಟ್ಟಳು. ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು. ಆ ಸಾಹೇಬರು ಕಪ್ಪು ಕೆಳಗಿಟ್ಟು, ಗೌರಿಯ ಕಡೆ ಬಾಗಿ, "ಅಮ್ಮಾರಿಗೆ ಹೇಳಪಾ ಗೌರಿ, ಮುಂದಿನ ತಿಂಗಳಿಂದ ಹಗಲುಪಾಳಿ ಅಂತ" ಅಂದರು! ಹಾಗೇ ಮಾಡಿದರು ಕೂಡ.

ಹೀಗೆ ನಗುತ್ತ ಹೇಳಿಬಿಡಬಹುದು. ನಾವು ಆಗ ನಕ್ಕಿದ್ದೇ ನಕ್ಕಿದ್ದು. ಆದರೆ ಒಂದು ಸಾರಿ ಕಾರ್ಖಾನೆಯಲ್ಲಿ ಅಪ್ಪನ ಅಂಗೈ ಸುಟ್ಟಿತ್ತು. ಅಜ್ಜಿ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆಣ್ಣೆ ಸವರುತ್ತಿದ್ದಳು. ಮಗನ ಕೈ ತನ್ನ ಕೈಯೊಳಗೇ ಇದೆ, ಮುಖ ಮಾತ್ರ ಬಾಗಿಲ ಕಡೆಗೆ. "ಗೌರಿ, ಕೇಳು, ಉರೀತದೇನು?" "ಇಲ್ಲಂತ ಹೇಳು ಗೌರಿ." ಅಪ್ಪನ ಕಣ್ಣಲ್ಲಿ ನೀರು ತುಂಬಿತ್ತು. ಉರಿಯಿಂದ ಎಂದು ನಾನು ತಿಳಿದಿದ್ದೆ. ಇಷ್ಟು ಹತ್ತಿರ ಕೂತವರಿಗೆ ನಡುವೆ ಒಂದು ನಾಯಿ ಯಾಕೆ ಬೇಕಾಗಿತ್ತು ಎಂದು ಈಗ ನೆನೆದರೆ ಸಂಕಟವಾಗುತ್ತದೆ.

ಆಣೆ ಬಿಡಿಸಲು ಅಮ್ಮ ಪ್ರಯತ್ನ ಮಾಡದೇ ಇರಲಿಲ್ಲ. ಊರಿನಿಂದ ಬಂದ ಸ್ವಾಮಿಗಳೊಬ್ಬರು, "ಹೋಗ್ಲಿ ಬಿಡವ್ವ, ಒಂದು ಪತ್ರಿ ಏರಿಸು, ಶಿವ ಮಾಫ್ ಮಾಡ್ತಾನ" ಅಂದರು. "ಶಿವ ಮಾಡ್ತಾನ್ರೀ. ನಾ ಹ್ಯಾಂಗ ಆ ಲಿಂಗಕ್ಕ ಮತ್ತ ಮಾರಿ ತೋರಸಲಿ?" ಎಂದಳು ಅಜ್ಜಿ. ಮಾತು ಮುರಿಯುವುದು ಆಕೆಗೆ ಗೊತ್ತಿರಲಿಲ್ಲ. ಮಾತು ಮುರಿದ ಮಗನ ಮೇಲೆ ಸಿಟ್ಟಾಗಿ ಹಾಕಿದ ಆಣೆ ಅಲ್ಲವೇ ಅದು?

ಎಪ್ಪತ್ತರ ದಶಕದ ನಡುವೆ ಅಪ್ಪನಿಗೆ ಔರಂಗಾಬಾದಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಕೆಲಸ ಸಿಕ್ಕಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ನಾವಿದ್ದಾಗ ಔರಂಗಾಬಾದೇ. ಸುದ್ದಿ ಕೇಳಿದ ದಿನ ಅಜ್ಜಿ ಗೌರಿಗೂ ಏನೂ ಹೇಳಲಿಲ್ಲ. ಅದನ್ನು ಪಕ್ಕಕ್ಕೆಳೆದುಕೊಂಡು, ಅದರ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಇನ್ನೊಂದು ಗೌರಿಯೂ ಹಿಂದೆ ಉಳಿಯುತ್ತದೆ ಎಂದೇ ಆಕೆಯ ಲೆಕ್ಕ.

ಅಪ್ಪ ಮನೆ ಹುಡುಕಲು ಹೋದ. ಸಿಕ್ಕ ಮನೆಗಳನ್ನೆಲ್ಲ ಬಿಡುತ್ತ ಬಂದ. ಒಂದರ ಮಾಲೀಕರು ನಾಯಿ ಬೇಡ ಅಂದರಂತೆ, ಇನ್ನೊಂದಕ್ಕೆ ಅಂಗಳವಿರಲಿಲ್ಲವಂತೆ. ಕೊನೆಗೆ ಊರಾಚೆ, ಹಿತ್ತಲಲ್ಲಿ ಬೇವಿನ ಮರವಿದ್ದ, ನಲ್ಲಿಯೇ ಇಲ್ಲದ ಒಂದು ಮನೆ ಹಿಡಿದ. "ನೀರಿಲ್ಲದ ಮನಿ ಯಾರರ ಹಿಡೀತಾರೇನ್ರೀ?" ಎಂದು ಅಮ್ಮ ರೇಗಿದಳು. "ನೀರು ಹೊರಬಹುದು" ಎಂದಷ್ಟೇ ಹೇಳಿದ ಅಪ್ಪ.

ಹೊರಡುವ ದಿನ ಎಸ್‌ಟಿ ಬಸ್ಸಿನ ಕಂಡಕ್ಟರ್ ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಅಪ್ಪ ಸಾಮಾನಿನ ಟ್ರಕ್ಕಿನ ಮೇಲೆ, ಹಾಸಿಗೆ ಸುರುಳಿಗಳ ನಡುವೆ, ಗೌರಿಯನ್ನು ತಬ್ಬಿಕೊಂಡು ಏವಲೆ, ವೈಜಾಪುರದ ದಾರಿಯ ಬಿಸಿಲಲ್ಲಿ ಬಂದ. ಸಂಜೆ ಟ್ರಕ್ಕು ಮನೆ ಮುಂದೆ ನಿಂತಾಗ ಮಣ್ಣಿನ ಬಣ್ಣದ ಎರಡು ಪ್ರಾಣಿಗಳು ಇಳಿದವು, ಯಾವುದು ನಾಯಿ ಯಾವುದು ಅಪ್ಪ ಎಂದು ಬಾಲ ನೋಡಿ ಹೇಳಬೇಕಾಗಿತ್ತು! ಅಪ್ಪನ ತಲೆಯ ಮೇಲೆ ಬಟ್ಟೆ ಇರಲಿಲ್ಲ. ಅದು ಗೌರಿಯ ತಲೆಗೆ ಸುತ್ತಿತ್ತು. ಅಜ್ಜಿ ಬಾಗಿಲಿಗೆ ಬಂದಳು. ಮಗನನ್ನು ನೇರವಾಗಿ ನೋಡಿದಳು. ತುಟಿ ಅಲುಗಿತು. ಈಗ ಆಡುತ್ತಾಳೆ ಎಂದುಕೊಂಡೆವು ನಾವೆಲ್ಲ. ಆಕೆಯ ಕೈ ಎದೆಯ ಲಿಂಗದ ಮೇಲೆ ಹೋಯಿತು. "ಗೌರಿ, ನೀರು ಕುಡಿ" ಎಂದಳು. ಒಳಗಿನಿಂದ ನೀರು ತಂದು ನಾಯಿಯ ಬಟ್ಟಲಿಗೆ ಹೊಯ್ದು, ಅದರ ಪಕ್ಕದಲ್ಲಿ ಒಂದು ತುಂಬಿದ ತಂಬಿಗೆ ಇಟ್ಟಳು. ಅಪ್ಪ ಅಲ್ಲೇ ಕೂತು ಕುಡಿದ.

ಆ ಬೇವಿನ ಮರದ ಕೆಳಗೆ ಗೌರಿಗೆ ವಯಸ್ಸಾಯಿತು. ಒಂದು ಬೇಸಿಗೆಯಲ್ಲಿ ರೊಟ್ಟಿ ಬಿಟ್ಟಿತು, ಆಮೇಲೆ ಮೊಸರು ಬಿಟ್ಟಿತು. ಒಂದು ಬೆಳಗ್ಗೆ ಅಜ್ಜಿ ಹಣೆಗೆ ವಿಭೂತಿ ಎಳೆದಾಗ ಅದು ಕಣ್ಣು ತೆರೆಯಲಿಲ್ಲ. ಅಪ್ಪ ಮರದ ಕೆಳಗೇ ಗುಂಡಿ ತೋಡಿ ಹೂಳಿದ.

ಆಗ ತಿಳಿಯಿತು ನೋಡಿ, ನಮ್ಮ ಮನೆಯಲ್ಲಿ ಮಾತಾಡುತ್ತಿದ್ದವರು ಯಾರು ಎಂದು! ಮನೆ ಗಪ್ಪಾಯಿತು. ಅಪ್ಪ ಬಿಸಿಲಲ್ಲಿ ಬರಿತಲೆಯಲ್ಲಿ ಹೊರಟರೆ ಅಜ್ಜಿ ಬಾಗಿಲವರೆಗೆ ಬಂದು ಕಂಬ ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ. ಅಪ್ಪನೂ ತಾಯಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಲಾಗದೆ ಎಣ್ಣೆಯ ಸೀಸೆಯನ್ನು ಆಕೆಯ ಹಾಸಿಗೆಯ ಪಕ್ಕ ಇಟ್ಟು ಹೋಗುತ್ತಿದ್ದ. ಅಮ್ಮ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸಲು ನೋಡಿದಳು. ಸರಿಹೋಗಲಿಲ್ಲ. ಸೊಸೆಯ ಮುಂದೆ ಕೆಲವು ಮಾತು ಅಜ್ಜಿಗೆ ಬಾಯಿಗೆ ಬರುತ್ತಿರಲಿಲ್ಲ. ಗೋಣಿಚೀಲ ಮಾತ್ರ ಬಾಗಿಲ ಪಕ್ಕ ಬಿದ್ದಿತ್ತು, ಯಾರೂ ತೆಗೆಯಲಿಲ್ಲ.

ಅಜ್ಜಿ ಆಮೇಲೆ ಒಂದು ಚಳಿಗಾಲವಷ್ಟೇ ಇದ್ದಳು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಲು ನನಗೆ ಮನಸ್ಸಿಲ್ಲ. ಅಷ್ಟೊಂದು ವರ್ಷ ಹಾಳಾಯಿತಲ್ಲ, ಒಂದೇ ಒಂದು ಚಳಿಗಾಲ ಸಿಕ್ಕಿತಲ್ಲ ಎಂದು ಅಪ್ಪ ಸಾಯುವವರೆಗೂ ಹಲುಬುತ್ತಿದ್ದ. ಆ ಚಳಿಗಾಲ ಶುರುವಾದದ್ದು ಹೀಗೆ.

ಒಂದು ಸಂಜೆ ಅಪ್ಪ ಕೆಲಸದಿಂದ ಬಂದ. ಷೂ ಬಿಚ್ಚಿದ. ದಿನದ ಹಾಗೆ ಕುರ್ಚಿಯ ಕಡೆ ಹೋಗಲಿಲ್ಲ. ಬಾಗಿಲ ಪಕ್ಕದ ಆ ಗೋಣಿಚೀಲದ ಮೇಲೆ, ಗೌರಿ ಕೂರುತ್ತಿದ್ದ ಜಾಗದಲ್ಲಿ, ಮೊಣಕಾಲು ಮಡಚಿ ಕೂತುಬಿಟ್ಟ. ಫೋರ್‌ಮನ್ ಸಾಹೇಬ! ತಂಗಿಗೆ ನಗು ಬಂತು. ಅಮ್ಮ ಅವಳ ತೊಡೆ ಚಿವುಟಿದಳು.

ಅಜ್ಜಿ ಸಂಜೆಯ ಪೂಜೆ ಮುಗಿಸಿ ಹೊರಗೆ ಬಂದಳು. ಬೆರಳಲ್ಲಿ ವಿಭೂತಿ ಇತ್ತು. ಗೋಣಿಚೀಲದ ಮೇಲೆ ಕೂತ ಮಗನನ್ನು ನೋಡಿದಳು. ಆಮೇಲೆ ಮೆಲ್ಲಗೆ ಹತ್ತಿರ ಹೋಗಿ, ಅವನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು.

"ಗೌರಿ" ಅಂದಳು. "ನನ್ನ ಮಗನಿಗಿ ಹೇಳು. ಎಮ್ಮಿ ಹೋದ್ರ ಹೋಯ್ತು. ನನಗೀಗ ಸಿಟ್ಟಿಲ್ಲ, ಆವಾಗೂ ಇರಲಿಲ್ಲ. ಅಂವ ಬಾಳ ಸೊರಗ್ಯಾನ. ನನಗ ನೋಡ್ಲಾಕ ಆಗವಲ್ದು."

ಅಪ್ಪ ತಲೆ ಎತ್ತಲಿಲ್ಲ. "ಹೇಳ್ತೀನಿ ಯವ್ವಾ" ಅಂದ.

"ಈಗೇ ಹೇಳಬ್ಯಾಡ" ಅಂದಳು ಅಜ್ಜಿ. "ಅಂವ ಮೊದಲ ಉಣ್ಣಲಿ."