ಪ್ರಚಾರದ ಗಾಡಿಯ ಮೈಕಿಗೆ, ಸೀಸೆಯ ವಿಷಯವಾಗಿ

ಮಾನ್ಯ ಮೈಕು ಮಹಾಶಯರೇ,

ಆರೋಗ್ಯ ಇಲಾಖೆಯ ಗಾಡಿಯ ನೆತ್ತಿಯ ಮೇಲೆ ವಿರಾಜಮಾನರಾಗಿ, ದಿನವೂ ನಮ್ಮ ಬೀದಿಯನ್ನು ಎಚ್ಚರಿಸುತ್ತಿರುವ ತಮಗೆ ಇಲ್ಲಿಯ ಹಿರಿಯ ಹೆಂಗಸಿನ ನಮಸ್ಕಾರಗಳು. ತಮ್ಮ ಗಂಟಲು ಒಡೆದು ವರ್ಷವಾದರೂ ಇಲಾಖೆ ರಿಪೇರಿ ಮಾಡಿಸಿಲ್ಲ. ಆದರೂ ತಾವು ಒಂದು ದಿನ ರಜೆ ಹಾಕಿದವರಲ್ಲ. ನಮ್ಮ ಮನೆಯ ಗಂಡಸರು ತಮ್ಮನ್ನು ನೋಡಿ ಕಲಿಯಲಿ.

ಮಕ್ಕಳನ್ನು ಸೀಸದಿಂದ ಕಾಪಾಡಿ ಎಂದು ಹೇಳಲು ತಮ್ಮನ್ನು ಕಳುಹಿಸಿದ್ದರಂತೆ. ಆ ಒಡಕು ಗಂಟಲಿನಲ್ಲಿ ನಮಗೆ ಕೇಳಿಸಿದ್ದು 'ಸೀಸೆಯಿಂದ ಕಾಪಾಡಿ' ಎಂದು. ಸರ್ಕಾರವೇ ಬಾಯಿಬಿಟ್ಟು ಹೇಳಿದ ಮೇಲೆ ಕೇಳದಿರುವ ಮನೆತನವಲ್ಲ ನಮ್ಮದು. ಕೆಮ್ಮಿನ ಔಷಧಿಯದು, ತಲೆಗೆ ಹಚ್ಚುವ ಎಣ್ಣೆಯದು, ಎಲ್ಲ ಸೀಸೆಗಳನ್ನೂ ಮೊಮ್ಮಗಳ ಕೈಗೆ ಎಟುಕದಂತೆ ಅಟ್ಟಕ್ಕೇರಿಸಿದೆವು. ಅಲ್ಲಿ ಹಳೆಯ ಹಾಸಿಗೆಯ ಸುರುಳಿಯೊಳಗೆ ನನ್ನ ಮೈದುನನ ಸ್ವಂತ ಸೀಸೆಯೊಂದು ಆಗಲೇ ಸಂಸಾರ ಹೂಡಿತ್ತು. "ಇದ್ಯಾವ ಕೆಮ್ಮಿನ ಔಷಧಿ ರೀ?" ಎಂದು ನನ್ನ ಓರಗಿತ್ತಿ ಕೇಳಿದ್ದೇ ತಡ, ಇನ್ನು ಕುಡಿಯುವುದಿಲ್ಲವೆಂದು ಅವನು ದೇವರ ಮುಂದೆ ಆಣೆಯಿಟ್ಟ. ನನ್ನ ಗದರಿಕೆಗೆ ಇಷ್ಟು ವರ್ಷ ಬಗ್ಗದವನನ್ನು ತಾವು ಒಂದೇ ಕೂಗಿಗೆ ಬಗ್ಗಿಸಿದಿರಿ. ಈ ಉಪಕಾರ ಮರೆಯುವಂಥದ್ದಲ್ಲ.

ಆದರೆ ಮಹಾಶಯರೇ, ಮೊಮ್ಮಗಳು ಊಟ ಬಿಟ್ಟಳು, ಹೊಟ್ಟೆನೋವೆಂದು ಮುದುಡಿದಳು, ಅರಳು ಹುರಿದಂತೆ ಮಾತಾಡುತ್ತಿದ್ದವಳು ಮಂಕಾದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಸೀಸ ಸೇರಿದೆ ಎಂದರು; ನನ್ನ ಕಿವಿಗೆ ಅದೂ ಸೀಸೆಯೇ. ನಮ್ಮ ಮನೆಯಲ್ಲಿ ಒಂದು ಸೀಸೆಯೂ ಕೆಳಗಿಲ್ಲ ಎಂದು ನಾನು ತಲೆಯೆತ್ತಿಯೇ ಹೇಳಿದೆ. ನರ್ಸಮ್ಮ ನಗು ನುಂಗಿಕೊಂಡು, "ಸೀಸೆ ಅಲ್ಲಮ್ಮಾ, ಸೀಸ. ಹಳೇ ಬಣ್ಣದಲ್ಲಿರುತ್ತೆ, ಮಕ್ಕಳ ರಕ್ತಕ್ಕೆ ಸೇರಿದ್ರೆ ಬುದ್ಧೀನೇ ತಿನ್ನುತ್ತೆ. ಮಗು ಎಲ್ಲಾದ್ರೂ ಬಣ್ಣದ ಚಕ್ಕೆ ಬಾಯಿಗೆ ಹಾಕ್ಕೊಳ್ಳುತ್ತಾ?" ಎಂದಳು.

ಹಾಕಿಕೊಳ್ಳುತ್ತದೆ. ಎಲ್ಲಿ ಗೊತ್ತೇ? ಸರ್ಕಾರದ್ದೇ ಶಿಶುವಿಹಾರದಲ್ಲಿ. ತಾವು ಅದರ ಎದುರಿಗೇ ನಿಂತು ಕೂಗುತ್ತೀರಿ. ತಮ್ಮ ದರ್ಶನಕ್ಕೆಂದು ಮಕ್ಕಳೆಲ್ಲ ಕಿಟಕಿ ಹತ್ತಿ, ಹಸಿರು ಬಣ್ಣ ಒಣಗಿದೆಲೆಯಂತೆ ಸುರುಟಿಕೊಂಡಿರುವ ಸರಳುಗಳಿಗೆ ಬಾಯಿ ಹಚ್ಚಿ ನಿಲ್ಲುತ್ತವೆ. ಚಕ್ಕೆ ಸಿಹಿಯಾಗಿದೆಯಂತೆ, ಮೊಮ್ಮಗಳೇ ಹೇಳಿದಳು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಹೈಸ್ಕೂಲಿನಲ್ಲಿ ಓದಿದ್ದೆ. ಮೈಕಿನ ಬುಡದಲ್ಲಿ ಕಿವುಡು ಎಂಬುದನ್ನು ಈಗ ಕಲಿತೆ.

ತಮ್ಮ ಸಾಹೇಬರನ್ನು ಕಂಡು ಕೇಳಿದ್ದಕ್ಕೆ, "ಪ್ರಚಾರ ಮಾತ್ರ ನಮ್ಮದು ತಾಯಿ, ಕಿಟಕಿ ಬೇರೆ ಇಲಾಖೇದು" ಎಂದರು. ಆದ್ದರಿಂದ ತಮ್ಮಲ್ಲೇ ಬೇಡಿಕೊಳ್ಳುತ್ತೇನೆ. ದಯಮಾಡಿ ಗಾಡಿಯಿಂದಿಳಿದು, ಮಕ್ಕಳಿಲ್ಲದ ಹೊತ್ತು ನೋಡಿ, ಧೂಳೇಳದಂತೆ ನೀರು ಹಚ್ಚಿ ಆ ಬಣ್ಣವನ್ನು ಕೆರೆದು, ಸೀಸವಿಲ್ಲದ ಹೊಸ ಬಣ್ಣ ಬಳಿಯಿರಿ. ತಮಗೆ ಕೈಯಿಲ್ಲವೆಂಬ ನೆಪ ಬೇಡ, ಕೈಯಿರುವವರನ್ನೂ ನೋಡಿಯಾಯಿತು. ಅದೂ ಆಗದಿದ್ದರೆ ತಮ್ಮ ಮೂತಿಯನ್ನು ಸಾಹೇಬರ ಕೋಣೆಯತ್ತ ತಿರುಗಿಸಿಕೊಂಡು ಒಂದು ವಾರ ಕೂಗಿರಿ.

ಅಲ್ಲಿಯವರೆಗೆ ಬೀದಿಯ ಮಕ್ಕಳನ್ನೆಲ್ಲ ನಮ್ಮ ಹಜಾರದಲ್ಲೇ ಕೂರಿಸಿಕೊಂಡಿದ್ದೇನೆ. ಅವರ ಗದ್ದಲ ತಮ್ಮದನ್ನೂ ಮೀರಿಸುತ್ತದೆ. ನಮ್ಮವಳೊಬ್ಬಳೇ ಇನ್ನೂ ಸುಮ್ಮನೆ ಕೂತಿರುತ್ತಾಳೆ.

ಅವಳ ಗಂಟಲು ತಮ್ಮದಕ್ಕಿಂತ ಮೊದಲು ಸರಿಹೋಗಲೆಂದು ಕಾದಿರುವ,
ತಮ್ಮ ವಿಶ್ವಾಸಿ,
ಮೂಲೆಮನೆಯ ಅಜ್ಜಿ

ತಾ.ಕ.: ಮೈದುನನ ಸೀಸೆಯನ್ನು ಓರಗಿತ್ತಿ ಬಚ್ಚಲಿಗೆ ಬಗ್ಗಿಸಿ ಖಾಲಿ ಮಾಡಿದಳು. ಶಿಶುವಿಹಾರದ ಕಿಟಕಿಯ ಕೆಳಗೆ ಉದುರಿದ್ದ ಚಕ್ಕೆಗಳನ್ನು ಅದರಲ್ಲಿ ತುಂಬಿ, ಬಿರಡೆ ಬಿಗಿದು, ಸಾಹೇಬರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಇನ್ನು ತಾವು ಸೀಸವೆಂದು ಕೂಗಿದರೂ ಸರಿ, ಸೀಸೆಯೆಂದು ಕೂಗಿದರೂ ಸರಿ; ಎರಡೂ ಸಾಹೇಬರ ಕೈಗೆ ಎಟುಕುವಲ್ಲೇ ಇವೆ.